ಸೀಸರ್ ಮಿಲ್‌ಸ್ಟೈನ್: ವಿದ್ಯೆಯನ್ನು ಹಂಚಿದ ವಿಜ್ಞಾನಿ

ನಾಯಿಮರಿಗಳಿಗೆ ಬರುವ ಮಾರಕ ರೋಗಗಳಲ್ಲಿ ಕೆನೈನ್ ಡಿಸ್ಟೆಂಪರ್ ಒಂದು. ಇದರ ವೈರಸ್ ನಮ್ಮ ಮಕ್ಕಳಿಗೆ ಬರುವ ದಡಾರದ ವೈರಸ್ಸಿನ ಹತ್ತಿರದ ಬಂಧು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದ ಸಿಂಹಗಳೂ ಇದಕ್ಕೆ ಬಲಿಯಾದವು. ಈ ವೈರಸ್ಸಿನ ಮೈಮೇಲೆ ಫ್ಯೂಷನ್ ಪ್ರೋಟೀನ್ ಇರುತ್ತದೆ. ವೈರಸ್ಸನ್ನು ಜೀವಕೋಶದ ಪೊರೆಗೆ ಬೆಸೆದು ಒಳಗೆ ನುಗ್ಗಿಸುವುದು ಅದರ ಕೆಲಸ. ಪ್ರಯೋಗಾಲಯದಲ್ಲಿ ಅದನ್ನು ಪತ್ತೆಹಚ್ಚಲು ಅದಕ್ಕೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳು ಬೇಕು. ಇಂತಹ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿದ ಮಹನೀಯರಲ್ಲಿ ಸೀಸರ್ ಮಿಲ್‌ಸ್ಟೈನ್ ಒಬ್ಬರು.

ಮಿಲ್‌ಸ್ಟೈನ್ 1927ರ ಅಕ್ಟೋಬರ್ 8ರಂದು ಅರ್ಜೆಂಟೀನಾದ ಬಹಿಯಾ ಬ್ಲಾಂಕಾದಲ್ಲಿ ಜನಿಸಿದರು. ತಂದೆ ವಲಸೆ ಬಂದ ಯಹೂದಿ, ತಾಯಿ ಶಾಲಾ ಶಿಕ್ಷಕಿ. ಮೂವರು ಗಂಡುಮಕ್ಕಳನ್ನೂ ವಿಶ್ವವಿದ್ಯಾಲಯದವರೆಗೆ ಓದಿಸಲು ಆ ದಂಪತಿ ಪಟ್ಟ ಕಷ್ಟ ಸ್ವಲ್ಪವಲ್ಲ. ಸೂಕ್ಷ್ಮಜೀವಿಗಳನ್ನು ಬೆನ್ನಟ್ಟಿದ ವಿಜ್ಞಾನಿಗಳ ಕಥೆಯ ಪುಸ್ತಕವನ್ನು ತಾಯಿ ಮಗನ ಕೈಗಿತ್ತರು. ಕಾಲೇಜಿನಲ್ಲಿ ಅವರು ಅಂತಹ ಬುದ್ಧಿವಂತ ವಿದ್ಯಾರ್ಥಿಯೇನೂ ಆಗಿರಲಿಲ್ಲ. ಆದರೂ ದುಡಿಯುತ್ತಲೇ ಓದಿ ಡಾಕ್ಟರೇಟ್ ಪಡೆದರು. ಕೇಂಬ್ರಿಜ್‌ನಲ್ಲಿ ಮತ್ತೊಂದು ಡಾಕ್ಟರೇಟ್ ಪಡೆದು 1961ರಲ್ಲಿ ತಾಯ್ನಾಡಿಗೆ ಮರಳಿದರು. ಮರುವರ್ಷವೇ ಸೈನ್ಯವು ಸರ್ಕಾರವನ್ನು ಉರುಳಿಸಿತು. ಅವರ ಸಂಸ್ಥೆಯ ನಿರ್ದೇಶಕರನ್ನು ಕಿತ್ತುಹಾಕಲಾಯಿತು. ಇದನ್ನು ಸಹಿಸದೆ ರಾಜೀನಾಮೆ ನೀಡಿ 1963ರಲ್ಲಿ ಮತ್ತೆ ಕೇಂಬ್ರಿಜ್ ಸೇರಿದರು.

ಆಗ ಪ್ರತಿಕಾಯಗಳನ್ನು ಪ್ರಾಣಿಗಳ ರಕ್ತದ ಸೀರಂನಿಂದ ಪಡೆಯುತ್ತಿದ್ದರು. ನಮ್ಮ ನಾಗಸಂದ್ರಕ್ಕೆ ದೂರವಲ್ಲದ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಆರಂಭವಾದದ್ದು ದನಗಳ ದೊಡ್ಡರೋಗಕ್ಕೆ ಇಂತಹ ಸೀರಂ ತಯಾರಿಸಲೆಂದೇ. ಆದರೆ ಸೀರಂನಲ್ಲಿ ಹಲವಾರು ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ಒಂದೇ ಬಗೆಯದು ಬೇಕೆಂದರೆ ಅದನ್ನು ಉತ್ಪಾದಿಸುವ ಜೀವಕೋಶವನ್ನೇ ಬೆಳೆಸಬೇಕು. ಆ ಕೋಶವಾದರೋ ದೇಹದ ಹೊರಗೆ ಬಹಳ ದಿನ ಬದುಕದು.

ಮಿಲ್‌ಸ್ಟೈನ್ ಮತ್ತು ಯುವ ಸಹೋದ್ಯೋಗಿ ಜಾರ್ಜ್ ಕೋಲರ್ ಇದಕ್ಕೆ ಉಪಾಯ ಕಂಡುಕೊಂಡರು. ಇಲಿಯ ಪ್ರತಿಕಾಯ ಕೋಶವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಬೆಸೆಯಲು ಬಳಸಿದ್ದು ನಿಷ್ಕ್ರಿಯಗೊಳಿಸಿದ ಸೆಂಡಾಯ್ ವೈರಸ್. ಅದು ಡಿಸ್ಟೆಂಪರ್ ವೈರಸ್ಸಿನ ಕುಟುಂಬಕ್ಕೇ ಸೇರಿದ್ದು, ಅದರಲ್ಲೂ ಫ್ಯೂಷನ್ ಪ್ರೋಟೀನ್ ಇದೆ. ರೋಗ ಹರಡಲು ನೆರವಾಗುವ ಪ್ರೋಟೀನೇ ರೋಗ ಪತ್ತೆಯ ಸಾಧನ ತಯಾರಿಸಲೂ ನೆರವಾದದ್ದು ಸೋಜಿಗವಲ್ಲವೇ?

1975ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಸಂಬಂಧಪಟ್ಟ ಬ್ರಿಟಿಷ್ ಸಂಸ್ಥೆಗೆ ವಿಷಯ ತಿಳಿದಿದ್ದರೂ ಅದರ ಉಪಯೋಗ ಹೊಳೆಯಲಿಲ್ಲ. ಮಿಲ್‌ಸ್ಟೈನ್ ಮಾತ್ರ ಕೇಳಿದ ಪ್ರಯೋಗಾಲಯಗಳಿಗೆಲ್ಲ ತಮ್ಮ ಜೀವಕೋಶಗಳನ್ನು ಕಳುಹಿಸಿಕೊಟ್ಟರು. ಮುಂದೆ ಇತರರು ಇದರಿಂದ ಕೋಟಿಗಟ್ಟಲೆ ಗಳಿಸಿದರು. 1984ರಲ್ಲಿ ಕೋಲರ್ ಹಾಗೂ ನೀಲ್ಸ್ ಯೆರ್ನೆ ಅವರೊಂದಿಗೆ ಮಿಲ್‌ಸ್ಟೈನ್‌ರಿಗೆ ನೊಬೆಲ್ ಪ್ರಶಸ್ತಿ ಬಂದಿತು. 2002ರ ಮಾರ್ಚ್ 24ರಂದು ಅವರು ಕೇಂಬ್ರಿಜ್‌ನಲ್ಲಿ ನಿಧನರಾದರು.

ವಿದ್ಯಾರ್ಥಿಗಳೇ, ಮಿಲ್‌ಸ್ಟೈನ್ ತರಗತಿಯಲ್ಲಿ ಮೊದಲಿಗರಾಗಿರಲಿಲ್ಲ, ಸ್ವಂತ ದೇಶದಲ್ಲೂ ನೆಲೆ ಸಿಗಲಿಲ್ಲ. ಆದರೆ ಓದು ಬಿಡಲಿಲ್ಲ, ಕಲಿತದ್ದನ್ನು ಬಚ್ಚಿಡಲೂ ಇಲ್ಲ. ಮನುಷ್ಯರ ಆಸ್ಪತ್ರೆಯಿಂದ ಪಶುವೈದ್ಯರ ಪ್ರಯೋಗಾಲಯದವರೆಗೆ ಇಂದು ಅದರ ಫಲ ತಲುಪಿದೆ. ವಿದ್ಯೆಯು ಹಂಚಿದಷ್ಟೂ ಹೆಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?