ಕುಮಾರಿ ಕಾರ್ನೇಲಿಯಾ ಸೊರಾಬ್ಜಿಯವರ ಪರೀಕ್ಷೆಗಳು

ನಮ್ಮ ಪಾಠಶಾಲೆಯನ್ನು ಬಿಟ್ಟುಹೋದ ಹುಡುಗಿಯರಲ್ಲಿ ಕೆಲವರು ಈಚಿನ ವರುಷಗಳಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆ ಮನಸ್ಸಿಡುತ್ತಿರುವುದು ನಮಗೆ ಬಹು ಸಂತೋಷದ ಸಂಗತಿಯಾಗಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ವಾಸವಾಗಿರುವ ತಾಯಿತಂದೆಗಳಿಗೆ ನಾಗರಬಾವಿಯೇನೂ ದೂರದ ಊರಲ್ಲ. ದೇಶಕ್ಕೆಲ್ಲಾ ಹೆಸರಾದ ನ್ಯಾಷನಲ್ ಲಾ ಸ್ಕೂಲು ಇರುವುದು ಅಲ್ಲಿಯೇ. ಆದರೆ ಬಸ್ಸಿನ ದಾರಿ ಹತ್ತಿರವಾದ ಮಾತ್ರಕ್ಕೆ ಅದರ ಬಾಗಿಲು ಹತ್ತಿರವಾಗುವುದಿಲ್ಲ. ಕ್ಲಾಟ್ ಎಂಬ ಪ್ರವೇಶ ಪರೀಕ್ಷೆಯಲ್ಲಿ 120 ನಿಮಿಷಗಳೊಳಗೆ 120 ಪ್ರಶ್ನೆಗಳಿಗೆ ಉತ್ತರ ಗುರುತಿಸಬೇಕು. ತಪ್ಪು ಉತ್ತರವೊಂದಕ್ಕೆ ಕಾಲು ಅಂಕ ಕಳೆಯುವರು. ವರುಷವಿಡೀ ಚೆನ್ನಾಗಿ ಓದಿದ ಹುಡುಗಿಯೂ ಪರೀಕ್ಷೆ ಹತ್ತಿರವಾದಂತೆ ನಿದ್ದೆಗೆಡುವುದನ್ನೂ, ಊಟ ಸೇರದಿರುವುದನ್ನೂ, ಬಲ್ಲ ಉತ್ತರವನ್ನೇ ಮರೆತು ಕಣ್ಣೀರು ಹಾಕುವುದನ್ನೂ ನಾವು ನೋಡಿದ್ದೇವೆ. ಈ ಭಯವನ್ನು ನಮ್ಮೆಲ್ಲರಿಗಿಂತ ಬಹಳ ಹಿಂದೆ, ನಮ್ಮೆಲ್ಲರಿಗಿಂತ ಹೆಚ್ಚಾಗಿ ಅನುಭವಿಸಿದ ಒಬ್ಬ ಮಹಿಳೆಯ ಜೀವಿತವನ್ನು ಈ ಸಂಚಿಕೆಯಲ್ಲಿ ಬರೆಯುವುದು ಯುಕ್ತವೆಂದು ತೋರಿತು.

ಕಾರ್ನೇಲಿಯಾ ಸೊರಾಬ್ಜಿಯವರು 1866ನೆಯ ಇಸವಿ ನವೆಂಬರ್ 15ರಂದು ನಾಸಿಕದಲ್ಲಿ ಜನಿಸಿದರು. ತಂದೆ ಸೊರಾಬ್ಜಿ ಕರ್ಸೇಡ್ಜಿಯವರು ಪಾರಸಿ ಕುಲದಲ್ಲಿ ಹುಟ್ಟಿ ಕ್ರೈಸ್ತಮತವನ್ನು ಅವಲಂಬಿಸಿ ಮಿಷನ್ ಸೇವೆಯಲ್ಲಿದ್ದವರು. ತಾಯಿ ಫ್ರಾನ್ಸೀನಾರವರು ಇಂಗ್ಲಿಷ್ ದಂಪತಿಗಳ ಸಾಕುಮಗಳಾಗಿ ಬೆಳೆದು, ಪುಣೆಯಲ್ಲಿ ಶಾಲೆಗಳನ್ನು ತೆರೆದು ನಡೆಸಿದವರು. ಕಾರ್ನೇಲಿಯಾರವರ ಬಾಲ್ಯದ ಮೊದಲ ಕಾಲವು ಕಳೆದದ್ದು ನಮ್ಮ ಬೆಳಗಾವಿಯಲ್ಲಿ ಎಂಬುದನ್ನು ಕನ್ನಡಿಗರಲ್ಲಿ ಬಲ್ಲವರು ಕಡಿಮೆ. ಅನಂತರ ಕುಟುಂಬವು ಪುಣೆಯಲ್ಲಿ ನೆಲಸಿತು. ಹೆಣ್ಣುಮಕ್ಕಳು ಬಹು ಮಂದಿ ಇದ್ದ ಆ ಮನೆಯಲ್ಲಿ ಹೆಣ್ಣೆಂಬ ಕಾರಣಕ್ಕೆ ಯಾರ ಓದನ್ನೂ ನಿಲ್ಲಿಸಲಿಲ್ಲ. ಪಾಠ ಹೇಳಿದವರಲ್ಲಿ ತಂದೆಯೇ ಮೊದಲಿಗರು.

ಪುಣೆಯ ಡೆಕ್ಕನ್ ಕಾಲೇಜಿಗೆ ಸೇರಿದ ಮೊದಲ ಸ್ತ್ರೀ ಇವರೇ. ತರಗತಿಯೊಳಗೆ ಬಾರದಂತೆ ಹುಡುಗರು ಮುಖಕ್ಕೆ ಬಾಗಿಲು ಹಾಕಿದ್ದೂ ಉಂಟೆಂದು ಹೇಳುವರು. ಪದವಿ ಪರೀಕ್ಷೆಯಲ್ಲಿ ತಮ್ಮ ತಂಡದವರೆಲ್ಲರಿಗಿಂತ ಹೆಚ್ಚು ಅಂಕಗಳನ್ನು ಪಡೆದು, ಬೊಂಬಾಯಿ ವಿಶ್ವವಿದ್ಯಾನಿಲಯದ ಮೊದಲ ಮಹಿಳಾ ಪದವೀಧರೆಯೆನಿಸಿದರು. ಹಾಗೆ ಮೊದಲಿಗರಾದವರಿಗೆ ಇಂಗ್ಲೆಂಡಿನಲ್ಲಿ ಮುಂದೆ ಓದಲು ಸರ್ಕಾರದ ವೇತನವು ಸಲ್ಲತಕ್ಕದ್ದಾಗಿತ್ತು. ಇವರಿಗೆ ಸಲ್ಲಲಿಲ್ಲ. ಅಂಕಗಳು ಸಾಲದೆಂದಲ್ಲ, ಅಭ್ಯರ್ಥಿಯು ಹೆಣ್ಣೆಂದು! ಇಂಥ ಸಮಯದಲ್ಲಿ ಮನೆಯ ಮೂಲೆಯಲ್ಲಿ ಕುಳಿತು ಅಳುವುದು ಸುಲಭ. ಇವರು ಅಹಮದಾಬಾದಿನ ಗುಜರಾತ್ ಕಾಲೇಜಿಗೆ ಹೋಗಿ, ತಮ್ಮ ವಯಸ್ಸಿನವರೇ ಆದ ಯುವಕರಿಗೆ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದರು. ಅಷ್ಟರಲ್ಲಿ ಇಂಗ್ಲೆಂಡಿನ ಹಿತಚಿಂತಕರು ಹಣ ಕೂಡಿಸಿದರು. ಲೇಡಿ ಹಾಬ್‌ಹೌಸ್, ಸರ್ ವಿಲಿಯಂ ವೆಡರ್‌ಬರ್ನ್ ಮೊದಲಾದವರ ಜೊತೆಗೆ ದಾದಿಯರ ತಾಯಿಯೆನಿಸಿದ ಫ್ಲಾರೆನ್ಸ್ ನೈಟಿಂಗೇಲರೂ ಸಹಾಯ ಮಾಡಿದರು. 1889ರಲ್ಲಿ ಕುಮಾರಿ ಸೊರಾಬ್ಜಿಯವರು ಆಕ್ಸ್‌ಫರ್ಡಿನ ಸೊಮರ್‌ವಿಲ್ ಸ್ತ್ರೀ ವಿದ್ಯಾರ್ಥಿನಿಲಯವನ್ನು ಸೇರಿದರು.

ಅಲ್ಲಿ ಮೊದಲು ಸಾಹಿತ್ಯವನ್ನು ಓದಬೇಕೆಂದು ಸಲಹೆ ಬಂದಿತು. ನ್ಯಾಯಶಾಸ್ತ್ರವು ಸ್ತ್ರೀಯರಿಗೆ ಯೋಗ್ಯವಾದ ವಿಷಯವೆಂದು ಆಗ ಯಾರೂ ಎಣಿಸಿರಲಿಲ್ಲ. ಆದರೆ ಬೇಲಿಯಲ್ ಕಾಲೇಜಿನ ಮುಖ್ಯಸ್ಥರಾಗಿದ್ದ ವೃದ್ಧ ಬೆಂಜಮಿನ್ ಜೌವೆಟ್ಟರು ಇವರನ್ನು ಮಗಳಂತೆ ಕಂಡು ಬೆಂಬಲವಾಗಿ ನಿಂತರು. ಡೈಸಿ, ಪೊಲಾಕ್, ಮಾರ್ಕ್‌ಬಿಯವರಂಥ ನ್ಯಾಯಶಾಸ್ತ್ರ ನಿಪುಣರ ಉಪನ್ಯಾಸಗಳು ದೊರೆತವು. 1890ರಲ್ಲಿ ಆಲ್ ಸೋಲ್ಸ್ ಕಾಲೇಜಿನ ಮುಖ್ಯಸ್ಥರಾದ ಸರ್ ವಿಲಿಯಂ ಆನ್ಸನ್ನರು ಕಾಡ್ರಿಂಗ್ಟನ್ ಗ್ರಂಥಾಲಯದಲ್ಲಿ ಓದಲು ಅನುಮತಿ ಕೊಟ್ಟರು. ಅಲ್ಲಿ ಕುಳಿತು ಓದಿದ ಮೊದಲ ಸ್ತ್ರೀ ಈ ಹಿಂದೂದೇಶದ ಕನ್ಯೆ. ರೋಮನರ ಕಾನೂನು, ಇಂಗ್ಲಿಷರ ಕಾನೂನು ಎಂದು ದಪ್ಪ ದಪ್ಪ ಗ್ರಂಥಗಳನ್ನು ಎದುರಿಗಿಟ್ಟುಕೊಂಡು, ಚಳಿಯ ದೇಶದಲ್ಲಿ, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ ಓದಬೇಕಾಗಿತ್ತು. ಪುಣೆಯ ತಾಯಿತಂದೆಗಳಿಗೆ ತಪ್ಪದೆ ಕಾಗದ ಬರೆಯುತ್ತಿದ್ದರು. ಪರಸ್ಥಳದಲ್ಲಿ ಓದುವ ಮಗಳಿಂದ ಕಾಗದ ಬರುವ ದಿನವನ್ನು ಎಣಿಸಿದ ತಾಯಂದಿರು ನಮ್ಮ ಓದುಗರಲ್ಲೂ ಇದ್ದಾರೆ. ಅವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಈಗ 1892ರ ಬೇಸಗೆಗೆ ಬರುವ. ಕುಮಾರಿ ಸೊರಾಬ್ಜಿಯವರು ಕಟ್ಟಬೇಕೆಂದಿದ್ದ ಬಿ.ಸಿ.ಎಲ್. ಪರೀಕ್ಷೆಯು ಸಾಮಾನ್ಯವಾದುದಲ್ಲ, ಪದವಿ ಪಡೆದ ಗಂಡಸರು ಅದರ ಮೇಲೆ ಇನ್ನೂ ಓದಿ ಕುಳಿತುಕೊಳ್ಳುವಂಥದು. ಅಂಥ ಪರೀಕ್ಷೆಗೆ ಓದುವ ಭಾರವೇ ಸಾಕಷ್ಟಿತ್ತು. ಅದರ ಮೇಲೆ, ಪರೀಕ್ಷೆಗೆ ತನ್ನನ್ನು ಕೂಡಿಸುವರೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಪರೀಕ್ಷಕರೊಬ್ಬರು ಸ್ತ್ರೀಯೊಬ್ಬಳನ್ನು ಪರೀಕ್ಷಿಸಲಾರೆನೆಂದರು. ಕೂಡಿಸುವುದಾದರೂ ಗಂಡಸರ ನಡುವೆ ಬೇಡ, ಸೊಮರ್‌ವಿಲ್ಲಿನಲ್ಲಿಯೇ ಪ್ರತ್ಯೇಕವಾಗಿ ಬರೆಯಲಿ ಎಂಬ ಸೂಚನೆಯೂ ಬಂದಿತು. ಬೇರೆಯವರಾಗಿದ್ದರೆ ಇಷ್ಟಾದರೂ ದೊರೆಯಿತಲ್ಲಾ ಎಂದು ಒಪ್ಪಿಕೊಳ್ಳುತ್ತಿದ್ದರೋ ಏನೋ. ಇವರು ಒಪ್ಪಲಿಲ್ಲ. ಎಲ್ಲರೊಡನೆ ಒಂದೇ ಕೊಠಡಿಯಲ್ಲಿ ಬರೆಯದ ಪರೀಕ್ಷೆಯನ್ನು ಮುಂದೆ ಯಾರೂ ಪರೀಕ್ಷೆಯೆಂದು ಎಣಿಸುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಸ್ನೇಹಿತರು ಅರ್ಜಿಗಳನ್ನು ಸಲ್ಲಿಸಿದರು. ಪರೀಕ್ಷೆ ತೀರ ಸಮೀಪಿಸಿದ ಮೇಲೆಯೇ ವಿಶ್ವವಿದ್ಯಾನಿಲಯದ ಸಭೆಯು ವಿಶೇಷ ನಿರ್ಣಯದಿಂದ ಅಪ್ಪಣೆ ಕೊಟ್ಟಿತು.

ಆ ವಾರಗಳ ಮನಸ್ಸಿನ ಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಬೇಕು. ಹುಡುಗಿಯರ ಪರೀಕ್ಷಾಭಯವನ್ನು ಹಿರಿಯರು ಒಂದೇ ಬಗೆಯದೆಂದು ತಿಳಿಯುತ್ತಾರೆ; ಹಾಗಲ್ಲವೆಂದು ನಮ್ಮ ಅಭಿಪ್ರಾಯ. ಪ್ರಶ್ನೆಗಳಿಗೆ ಅಂಜುವುದು ಒಂದು. ಈ ಸ್ಥಳವು ನನಗೆ ಸೇರಿದ್ದೇ ಅಲ್ಲವೇ ಎಂದು ಅಂಜುವುದು ಇನ್ನೊಂದು. ಮೊದಲನೆಯದಕ್ಕೆ ಮದ್ದುಂಟು: ವಾರಕ್ಕೊಮ್ಮೆ ಪರೀಕ್ಷೆಯ ಹೊತ್ತಿನಲ್ಲಿಯೇ ಗಡಿಯಾರವನ್ನು ಎದುರಿಗಿಟ್ಟುಕೊಂಡು ಹಿಂದಿನ ಪ್ರಶ್ನಪತ್ರಿಕೆಯೊಂದನ್ನು ಪೂರ್ತಿಯಾಗಿ ಬಿಡಿಸುವುದು, ತಪ್ಪಿದ್ದನ್ನು ಮರುದಿನ ಶಾಂತವಾಗಿ ನೋಡುವುದು, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗುವುದು. ಎದೆ ಡವಗುಟ್ಟಿದಾಗ ಲೇಖನಿಯನ್ನು ಕೆಳಗಿಟ್ಟು ನಿಧಾನವಾಗಿ ನಾಲ್ಕು ಸಲ ಉಸಿರೆಳೆದು ಬಿಡುವುದನ್ನು ನಾವು ಹುಡುಗಿಯರಿಗೆ ಕಲಿಸಿದ್ದೇವೆ. ಅದರಿಂದ ಪ್ರಯೋಜನವಾದುದನ್ನೂ ಕಂಡಿದ್ದೇವೆ. ಎರಡನೆಯ ಭಯಕ್ಕೆ ಇವು ಯಾವುವೂ ಸಾಲವು. ಮನೆಯಲ್ಲಿ ಮೊದಲನೆಯದಾಗಿ ಕಾಲೇಜು ಕಾಣುವ ಹುಡುಗಿ, ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಪ್ರಶ್ನಪತ್ರಿಕೆಯ ಮುಂದೆ ಕುಳಿತ ಹುಡುಗಿ, ಇವರನ್ನು ಕಾಡುವುದು ಈ ಎರಡನೆಯದೇ. ಅಲ್ಲಿ ಬೇಕಾದುದು ಮನೆಯವರ ಧೈರ್ಯದ ಮಾತು. ನೆರೆಮನೆಯ ಹುಡುಗಿಯ ಅಂಕಗಳನ್ನು ಊಟದ ಹೊತ್ತಿನಲ್ಲಿ ಎತ್ತಿ ಆಡುವ ತಂದೆಯರು ಇದನ್ನು ದಯವಿಟ್ಟು ಗಮನಿಸಬೇಕು.

ಸರಿ, ಕುಮಾರಿ ಸೊರಾಬ್ಜಿಯವರು ಗಂಡಸರ ನಡುವೆ ಕುಳಿತು ಪರೀಕ್ಷೆಯನ್ನು ಬರೆದರು. ಜಗತ್ತಿನಲ್ಲಿ ಆ ಪರೀಕ್ಷೆಯನ್ನು ಬರೆದ ಮೊದಲ ಸ್ತ್ರೀಯಾದರು. ಬಂದದ್ದು ಮೂರನೆಯ ತರಗತಿ. ಇವರ ಜೀವಿತವನ್ನು ಹೊಗಳಿ ಬರೆಯುವವರು ಸಾಮಾನ್ಯವಾಗಿ ಈ ಮಾತನ್ನು ಮೆಲ್ಲನೆ ದಾಟಿ ಹೋಗುವರು. ನಾವು ದಾಟುವುದಿಲ್ಲ. ಪುಣೆಯಲ್ಲಿ ಎಲ್ಲರಿಗಿಂತ ಮುಂದಿದ್ದವರಿಗೆ ಆಕ್ಸ್‌ಫರ್ಡಿನಲ್ಲಿ ಮೂರನೆಯ ತರಗತಿ ಬಂದಿತೆಂಬುದೂ, ಆ ಮೇಲೂ ಅವರ ಜೀವಿತವು ಅರುವತ್ತೆರಡು ವರುಷ ನಡೆಯಿತೆಂಬುದೂ ನಮ್ಮ ಹುಡುಗಿಯರಿಗೆ ತಿಳಿದಿರಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಪದವಿಯು ಕೈಗೆ ಬರಲಿಲ್ಲ. ಆಗ ಆಕ್ಸ್‌ಫರ್ಡಿನಲ್ಲಿ ಸ್ತ್ರೀಯರಿಗೆ ಪದವಿ ಕೊಡುವ ಪದ್ಧತಿಯೇ ಇರಲಿಲ್ಲ.

1893ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಮೇಲೆ ಪರೀಕ್ಷೆಗಳು ಮುಗಿದವೆಂದು ತಿಳಿಯಬೇಡಿ. ಬೊಂಬಾಯಿಯ ಎಲ್‌ಎಲ್.ಬಿ. ಪರೀಕ್ಷೆಯನ್ನು 1897ರಲ್ಲಿಯೂ, ಅಲಹಾಬಾದ್ ಹೈಕೋರ್ಟಿನ ವಕೀಲಿ ಪರೀಕ್ಷೆಯನ್ನು 1899ರಲ್ಲಿಯೂ ಕಟ್ಟಿದರು. ಅಷ್ಟಾದರೂ ಹೆಣ್ಣಿಗೆ ವಕೀಲಿ ಸನ್ನದು ಇಲ್ಲವೆಂದೇ ಉತ್ತರ. ಅಪ್ಪಣೆ ದೊರೆತಲ್ಲೆಲ್ಲಾ ವಾದಿಸಿದರು. 1896ರಲ್ಲಿ ಪುಣೆಯ ನ್ಯಾಯಸ್ಥಾನದಲ್ಲಿ ಆರೋಪಿಯ ಪರವಾಗಿ ನಿಂತರು. ಪಂಚಮಹಲಿನ ಸೀಮೆಯಲ್ಲಿ ಒಂದು ಆನೆಯ ಪರವಾಗಿ ವಾದಿಸಲು ಹೋದಾಗ, ದೊರೆಯ ನಾಯಿಯು ಇವರನ್ನು ಮೆಚ್ಚಿತೆಂಬ ಕಾರಣದಿಂದಲೇ ಗೆದ್ದರೆಂಬ ಕಥೆಯೂ ಉಂಟು. ಇಷ್ಟು ಪರೀಕ್ಷೆಗಳನ್ನು ಕಟ್ಟಿ ನಾಯಿಯ ಕೃಪೆಯಿಂದ ಗೆದ್ದುದಕ್ಕೆ ಅವರು ನಕ್ಕರೋ ನೊಂದರೋ!

1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಯಲ್ಲಿ ಇವರಿಗೆ ಉದ್ಯೋಗವಾಯಿತು. ಪರದೆಯೊಳಗಿದ್ದ ಜಮೀನುದಾರ ವಿಧವೆಯರೂ ಅನಾಥ ಮಕ್ಕಳೂ ಗಂಡಸರಾದ ವಕೀಲರ ಮುಖವನ್ನು ನೋಡುವಂತಿರಲಿಲ್ಲ. ಆಸ್ತಿ ಇದ್ದೂ ಇಲ್ಲದಂತಾಗಿ, ದಾಯಾದಿಗಳ ಕೈಗೆ ಸಿಕ್ಕಿ ಕಷ್ಟಪಡುತ್ತಿದ್ದರು. ಬಂಗಾಳ, ಬಿಹಾರ, ಒರಿಸ್ಸಾ, ಅಸ್ಸಾಮುಗಳಲ್ಲಿ ಸುಮಾರು ಇಪ್ಪತ್ತು ವರುಷ ಸಂಚರಿಸಿ ಇಂಥ ಆರುನೂರು ಮಂದಿಗೂ ಮೇಲ್ಪಟ್ಟು ಸ್ತ್ರೀಯರಿಗೂ ಮಕ್ಕಳಿಗೂ ನೆರವಾದರೆಂದು ಲೆಕ್ಕ ಹೇಳುವರು. 1892ರಲ್ಲಿ ಕೊಟ್ಟ ತರಗತಿ ಯಾವುದೆಂದು ಆ ವಿಧವೆಯರಲ್ಲಿ ಯಾರೂ ಕೇಳಲಿಲ್ಲ.

ಅವರ ರಾಜಕೀಯ ಅಭಿಪ್ರಾಯಗಳನ್ನು ನಾವು ಮೆಚ್ಚಲಾರೆವು. ಬ್ರಿಟಿಷರ ಆಳಿಕೆಯನ್ನು ಸಮರ್ಥಿಸಿದರು, ಗಾಂಧೀಜಿಯವರನ್ನು ವಿರೋಧಿಸಿದರು; ಭಾರತವನ್ನು ಹಳಿದು ಕ್ಯಾಥರೀನ್ ಮೇಯೋ 1927ರಲ್ಲಿ ಬರೆದ ಗ್ರಂಥದ ಪರವಾಗಿಯೂ ನಿಂತು ದೇಶಬಾಂಧವರ ಪ್ರೀತಿಯನ್ನು ಕಳೆದುಕೊಂಡರು. ಅವರ ಹೆಸರು ನಮ್ಮ ಪಾಠಪುಸ್ತಕಗಳಲ್ಲಿ ಬಹುಕಾಲ ಕಾಣದೆ ಹೋದದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಮುಚ್ಚಿದ್ದ ಬಾಗಿಲುಗಳು ಕಡೆಗೆ ಒಂದೊಂದಾಗಿ ತೆರೆದವು. 1921ರಲ್ಲಿ ಅಲಹಾಬಾದ್ ಹೈಕೋರ್ಟು ಇವರ ಹೆಸರನ್ನು ವಕೀಲರ ಪಟ್ಟಿಯಲ್ಲಿ ಸೇರಿಸಿತು. ಸ್ತ್ರೀಯರು ವಕೀಲಿ ಮಾಡಬಾರದೆಂಬ ಅಡ್ಡಿಯನ್ನು 1923ರ ಕಾಯಿದೆಯು ದೇಶದಿಂದಲೇ ತೆಗೆದುಹಾಕಿತು. ಅದೇ ವರುಷ ಲಂಡನ್ನಿನ ಲಿಂಕನ್ಸ್ ಇನ್ ಇವರನ್ನು ಬ್ಯಾರಿಸ್ಟರೆಂದು ಅಂಗೀಕರಿಸಿತು. ಕಲ್ಕತ್ತೆಯಲ್ಲಿ ಕೆಲವು ವರುಷ ವಕೀಲಿ ಮಾಡಿ 1929ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿ ತಮ್ಮ ಜೀವನವೃತ್ತಾಂತವನ್ನು ಬರೆದು 1934ರಲ್ಲಿ ಪ್ರಕಟಿಸಿದರು. 1954ನೆಯ ಇಸವಿ ಜುಲೈ 6ರಂದು ಲಂಡನ್ನಿನಲ್ಲಿ ಮೃತಪಟ್ಟರು. ಅವರ ಪ್ರತಿಮೆಯನ್ನು 2012ರಲ್ಲಿ ಲಿಂಕನ್ಸ್ ಇನ್ನಿನಲ್ಲಿ ಸ್ಥಾಪಿಸಿರುತ್ತಾರೆ.

1892ರ ಪರೀಕ್ಷೆಗೆ ಸಲ್ಲಬೇಕಾಗಿದ್ದ ಪದವಿಯನ್ನು ಆಕ್ಸ್‌ಫರ್ಡಿನವರು ಕೊಟ್ಟದ್ದು 1922ರಲ್ಲಿ. ಆಗ ಅವರಿಗೆ ಐವತ್ತೈದು ವರುಷ. ಹೋಗಿ ಪಡೆದುಕೊಂಡರು.