ಜಾನರೆ ಕುರ್ಚಿಯ ಅಸಲುತನ

ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಅಂಚಿನ ನಮ್ಮ ಬೀರೂರಿನಲ್ಲಿ ಕುರ್ಚಿಗೆ ಕುಲಗೋತ್ರ ಕೇಳುವ ರೂಢಿಯಿಲ್ಲ. ಮರ ತೇಗವೇ ಎಂದು ನೋಡುತ್ತೇವೆ, ಕೀಲು ಗಟ್ಟಿಯೇ ಎಂದು ಅಲುಗಿಸುತ್ತೇವೆ. ಬಡಗಿಯ ಹೆಸರನ್ನು ಮರೆಯುತ್ತೇವೆ. ಆದರೆ ಚಂಡೀಗಡದ ಸರ್ಕಾರಿ ಕಚೇರಿಗಳಿಗೆಂದು ಮಾಡಿದ ತೇಗ-ಬೆತ್ತದ ಕುರ್ಚಿಗಳು ಇಂದು ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿ ಬಾಳುತ್ತವೆ. ಅವುಗಳ ಹೊಸ ಆವೃತ್ತಿಗಳೂ ಮಾರುಕಟ್ಟೆಯಲ್ಲಿವೆ. ಅಸಲು ಯಾವುದೆಂಬ ವಿವಾದಕ್ಕೆ ಉತ್ತರ, ಅವನ್ನು ರೂಪಿಸಿದ ಪಿಯರ್ ಜಾನರೆ ಅವರ ಬದುಕಿನಲ್ಲೇ ಇದೆಯೆಂದು ನನಗೆ ತೋರುತ್ತದೆ.

1896ರಲ್ಲಿ ಜಿನೀವಾದಲ್ಲಿ ಜನಿಸಿದ ಜಾನರೆ, ವಾಸ್ತುಶಿಲ್ಪಿ ಲೆ ಕಾರ್ಬೂಸಿಯರ್ ಅವರ ದಾಯಾದಿ ಸೋದರ, ಪ್ಯಾರಿಸ್ಸಿನಲ್ಲಿ ಅವರ ಸಹೋದ್ಯೋಗಿ. 1920ರ ದಶಕದ ಕೊನೆಯಲ್ಲಿ ಈ ಇಬ್ಬರೂ ಷಾರ್ಲೊಟ್ ಪೆರಿಯಾಂಡ್ ಜೊತೆಗೂಡಿ ಉಕ್ಕಿನ ಕೊಳವೆಗಳ ಕುರ್ಚಿಗಳನ್ನು ರೂಪಿಸಿ ಹೆಸರಾದರು. 1951ರಲ್ಲಿ ಚಂಡೀಗಡದ ನಿರ್ಮಾಣಕ್ಕೆ ಬಂದಾಗ, ಅಣ್ಣ ಆಗಾಗ ಬಂದುಹೋಗುತ್ತಿದ್ದರೆ, ತಮ್ಮ ಅಲ್ಲಿಯೇ ನೆಲೆಸಿದರು. ಉಕ್ಕನ್ನು ಬಲ್ಲ ಈ ಮನುಷ್ಯ ಇಲ್ಲಿ ಮರಕ್ಕೂ ಬೆತ್ತಕ್ಕೂ ಒಲಿದರು. ತೇಗ ನಮ್ಮ ತೇವಕ್ಕೂ ಹುಳುವಿಗೂ ಬಗ್ಗುವುದಿಲ್ಲ, ಬೆತ್ತದ ಹೆಣಿಗೆ ಸೆಕೆಯಲ್ಲಿ ಗಾಳಿಯಾಡಿಸುತ್ತದೆ, ಎರಡನ್ನೂ ಬಲ್ಲ ಕೈಗಳು ಇಲ್ಲಿದ್ದವು.

ಆ ಕುರ್ಚಿಗಳನ್ನು ಒಂದೇ ಕಾರ್ಖಾನೆ ಮಾಡಲಿಲ್ಲ. ಯೂಲಿ ಚೌಧರಿಯವರಂಥ ಭಾರತೀಯ ವಾಸ್ತುಶಿಲ್ಪಿಗಳು ಜೊತೆಗಿದ್ದರು. ಹಲವು ಕಮ್ಮಟಗಳ ಬಡಗಿಗಳು ಕೆತ್ತಿದರು. ಕೆಲವು ತೇಗದವು, ಕೆಲವು ಶೀಶಂ ಮರದವು. ಅಳತೆಯಲ್ಲೂ ಅಲ್ಪಸ್ವಲ್ಪ ವ್ಯತ್ಯಾಸ. ಹೀಗಿರುವಾಗ ಏಕೈಕ ಮೂಲಪ್ರತಿ ಎಂಬುದೇ ಇಲ್ಲ.

ಅನಾರೋಗ್ಯದಿಂದ 1965ರಲ್ಲಿ ಮರಳಿದ ಜಾನರೆ 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಚಂಡೀಗಡದ ಸುಖನಾ ಕೆರೆಯಲ್ಲಿ ವಿಸರ್ಜಿಸಲಾಯಿತು. ಕಚೇರಿಗಳು ಮಾತ್ರ ಅವರ ಕುರ್ಚಿಗಳನ್ನು ಗುಜರಿಯೆಂದು ಹರಾಜು ಹಾಕಿದವು. ಕೇಂದ್ರ ಗೃಹ ಸಚಿವಾಲಯ ಮಾರಾಟವನ್ನೂ ರಫ್ತನ್ನೂ ತಡೆಯಲು ಆದೇಶಿಸಿದ್ದು 2011ರಲ್ಲಿ. ಬಳಿಕ ಇಟಲಿಯ ಕಸ್ಸೀನಾ ಸಂಸ್ಥೆ 2019ರಲ್ಲಿ ಅವರಿಗೆ ಗೌರವವೆಂದು ಹೊರತಂದ ಆವೃತ್ತಿಯಲ್ಲಿ ತೇಗದ ಜೊತೆಗೆ ಓಕ್ ಮರವೂ ಬಂತು. ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಸಂಸ್ಥೆ ತೇಗ, ಬೆತ್ತ, ಕೈಕೆಲಸಗಳನ್ನು ಉಳಿಸಿಕೊಂಡು ಮರುಸೃಷ್ಟಿಗೆ ತೊಡಗಿತು.

ಮರ ಬದಲಾದುದೇ ಅಪಚಾರವೆನ್ನಲು ನಾನು ಸಿದ್ಧನಿಲ್ಲ. ಉಕ್ಕಿನಿಂದ ತೇಗಕ್ಕೆ ಬಂದ ಜಾನರೆಯೇ ಅದಕ್ಕೆ ಸಾಕ್ಷಿ. ಬದಲಾವಣೆಯನ್ನು ಮರೆಮಾಚುವುದು ಅಪಚಾರ. ಕೆಡವಿದ ಮನೆಯ ತೊಲೆಯಿಂದ ಮಾಡಿದ ಕುರ್ಚಿಯ ಮರ ನೂರು ವರ್ಷದ್ದಿರಬಹುದು, ಕುರ್ಚಿ ನಿನ್ನೆಯದು. ಅದನ್ನು 1955ರದೆಂದು ಮಾರಿದರೆ ಕೊಂಡವನಿಗಷ್ಟೇ ಅಲ್ಲ, ನಿನ್ನೆ ಅದನ್ನು ಕೆತ್ತಿದ ಬಡಗಿಗೂ ಮೋಸ. ಮರ ಯಾವುದು, ವರ್ಷ ಯಾವುದು, ಕೈ ಯಾರದು ಎಂಬ ಮೂರನ್ನೂ ಕುರ್ಚಿಯ ಬೆನ್ನ ಮೇಲೆ ಬರೆಯಲಿ. ಅಸಲುತನಕ್ಕೆ ಅದಕ್ಕಿಂತ ಹೆಚ್ಚಿನ ಮುದ್ರೆ ಬೇಕಿಲ್ಲ.