ಪಾಠ ಹೇಳಿ ಪಾಠ ಕಲಿತ ವಿಶ್ವೇಶ್ವರಯ್ಯನವರು

ಸಿ.ಇ.ಟಿ. ಫಲಿತಾಂಶ ಬಂದೊಡನೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಎಷ್ಟೋ ಮನೆಗಳಲ್ಲಿ ಸಂತೋಷದ ಬೆನ್ನಿಗೇ ಚಿಂತೆಯೂ ಒಳಹೊಗುತ್ತದೆ. ಸೀಟು ದೊರೆತಿದೆ, ಶುಲ್ಕಕ್ಕೆ ಬ್ಯಾಂಕಿನ ಸಾಲವೂ ಆದೀತು. ಆದರೆ ನಾಲ್ಕು ವರ್ಷಗಳ ಊಟ-ವಸತಿಯ ಹಣ ಎಲ್ಲಿಂದ? ಮೆಣಸಿನಕಾಯಿ ಪೇಟೆಯ ಹಮಾಲಿಯಿಂದಲೋ ಹೊಲಿಗೆಯಿಂದಲೋ ಸಂಸಾರ ಸಾಗಿಸುವ ನಮ್ಮ ಧರ್ಮಕೇಂದ್ರಗಳ ತಂದೆತಾಯಿಗಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಅಣೆಕಟ್ಟುಗಳ ಕಥೆಯನ್ನು ಮಕ್ಕಳು ಶಾಲೆಯಲ್ಲಿಯೇ ಓದಿರುತ್ತಾರೆ. ಅದಕ್ಕೂ ಹಿಂದಿನ ಕಥೆಯನ್ನು ನಾವು ಇಲ್ಲಿ ಹೇಳಬಯಸುತ್ತೇವೆ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯವರಾದ ಅವರು ಹದಿಹರೆಯದಲ್ಲಿಯೇ ತಂದೆ ಶ್ರೀನಿವಾಸ ಶಾಸ್ತ್ರಿಗಳನ್ನು ಕಳೆದುಕೊಂಡರು. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರು ಆಸರೆಯಾದರು. ಆದರೂ ಸೆಂಟ್ರಲ್ ಕಾಲೇಜಿನ ಓದು ಸಾಗಬೇಕಾದರೆ ಸ್ವಂತ ಸಂಪಾದನೆ ಬೇಕಾಗಿತ್ತು. ಕೊಡವ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳುವ ಕೆಲಸ ದೊರೆಯಿತು. ಆ ಮನೆಯಲ್ಲಿ ತಂಗಲು ಸ್ಥಳವಾಯಿತು, ಪುಸ್ತಕ-ಬಟ್ಟೆಗೆ ದಾರಿಯಾಯಿತು. ಮಾವನ ಮನೆಗೂ ಪಾಠದ ಮನೆಗೂ ಕಾಲೇಜಿಗೂ ನಡೆದೇ ಹೋಗಿಬರುತ್ತಿದ್ದ ಆ ವಿದ್ಯಾರ್ಥಿ 1881ರಲ್ಲಿ ಬಿ.ಎ. ಪದವಿ ಪಡೆದರು. ವಿದ್ಯಾರ್ಥಿವೇತನವೆಂಬುದು ಬಂದದ್ದು ಇಷ್ಟೆಲ್ಲ ಆದ ಮೇಲೆ. ಅದಕ್ಕೆ ಮುಂಚಿನ ವರ್ಷಗಳನ್ನು ದಾಟಿಸಿದವರು ಈ ಎರಡು ಮನೆಯವರು. ಚರಿತ್ರೆ ಬರೆಯುವವರು ಅವರನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದು ನಮಗೆ ಸರಿಯೆನಿಸುವುದಿಲ್ಲ.

ಇಂಜಿನಿಯರ್ ಆಗಬೇಕೆಂಬ ಹಂಬಲವೇನೋ ಇತ್ತು. ಮೈಸೂರು ಸಂಸ್ಥಾನದಲ್ಲಿ ಅಂತಹ ಕಾಲೇಜೇ ಇರಲಿಲ್ಲ. ಪ್ರಾಂಶುಪಾಲ ಚಾರ್ಲ್ಸ್ ವಾಟರ್ಸ್ ಅವರು ಶಿಷ್ಯನ ಗಣಿತ ಪ್ರತಿಭೆಯನ್ನು ಬಲ್ಲವರಾಗಿದ್ದರು. ಅವರ ಬೆಂಬಲ ದೊರೆಯಿತು, ಮೈಸೂರು ಸರಕಾರ ವಿದ್ಯಾರ್ಥಿವೇತನ ನೀಡಿತು, ವಿಶ್ವೇಶ್ವರಯ್ಯನವರು ಪುಣೆಯ ವಿಜ್ಞಾನ ಕಾಲೇಜನ್ನು ಸೇರಿದರು. ಆಗ ತುಂಗಭದ್ರೆಯ ಆಚೆಯ ಹರಿಹರ ಮೈಸೂರಿನದು, ಈಚೆಯ ರಾಣೇಬೆನ್ನೂರು ಮುಂಬಯಿ ಪ್ರಾಂತ್ಯದ್ದು. ಹಾವೇರಿಯ ಹುಡುಗನೊಬ್ಬ ಇಂಜಿನಿಯರ್ ಆಗಬಯಸಿದ್ದರೂ ಅವನು ಮುಖಮಾಡಬೇಕಾಗಿದ್ದುದು ಅದೇ ಪುಣೆಯ ಕಡೆಗೆ. ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಕಾಲೇಜು ಆರಂಭವಾದದ್ದು 1947ರಲ್ಲಿ. ಇಂದು ರಾಣೇಬೆನ್ನೂರಿನಲ್ಲಿಯೂ ಹಾವೇರಿಯ ದೇವಗಿರಿಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿರುವುದರಿಂದ, ಮನೆಯ ಊಟ ಉಂಡೇ ಓದುವ ಅನುಕೂಲ ಕೆಲವು ಮಕ್ಕಳಿಗಾದರೂ ಇದೆ.

1883ರ ಎಲ್.ಸಿ.ಇ. ಪರೀಕ್ಷೆಯಲ್ಲಿ ಅವರು ಮೊದಲನೆಯವರಾದರು. ಮೊದಲ ಸ್ಥಾನ ಪಡೆದವರಿಗೆ ಮುಂಬಯಿ ಸರಕಾರದ ಸಹಾಯಕ ಇಂಜಿನಿಯರ್ ಹುದ್ದೆ ಮೀಸಲಾಗಿತ್ತು. 1884ರಲ್ಲಿ ಅದನ್ನು ಸೇರಿದರು. ಹಣ ಕೊಟ್ಟದ್ದು ಮೈಸೂರು, ಫಲ ಉಂಡದ್ದು ಮುಂಬಯಿ ಎಂದು ಯಾರಾದರೂ ಆಕ್ಷೇಪಿಸಬಹುದಾಗಿತ್ತು. ಆ ಹಣ ಮೈಸೂರಿಗೆ ಮರಳಲು ಇಪ್ಪತ್ತೈದು ವರ್ಷಗಳು ಬೇಕಾದವು. 1909ರಲ್ಲಿ ಅವರು ಸಂಸ್ಥಾನದ ಮುಖ್ಯ ಇಂಜಿನಿಯರರಾಗಿ ಬಂದರು, 1912ರಲ್ಲಿ ದಿವಾನರಾದರು. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಮೈಸೂರಿನ ಬಡ ಹುಡುಗ ಇನ್ನು ಪುಣೆಗೆ ಹೋಗಬೇಕಾಗಿರಲಿಲ್ಲ.

1955ರಲ್ಲಿ ಭಾರತರತ್ನ ಪಡೆದು, ನೂರು ವರ್ಷ ದಾಟಿ, 1962ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಅದಕ್ಕೂ ಬಹಳ ಮುಂಚೆ, ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಬರಬೇಕಾಗಿದ್ದ ಹಣವನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ, ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಕೊಟ್ಟಿದ್ದರು. ಅದು ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾಯಿತು. ಅದಕ್ಕೆ ಇಟ್ಟದ್ದು ತಮ್ಮ ಹೆಸರನ್ನಲ್ಲ, ಮಹಾರಾಜ ಜಯಚಾಮರಾಜೇಂದ್ರರ ಹೆಸರನ್ನು.